ಮಡಿದ ವೀರರ ಅಸ್ಥಿಶೋಧನೆಯೂ ನಾಮರಕ್ಷಣೆಯೂ

 

ಮಹೋತ್ಸವದ ಈ ಸಮಯದಲ್ಲಿ ಮರಣದ ಮಾತೇಕೆಂದು ಕೆಲವರು ಶಂಕಿಸಬಹುದು. ಆದರೆ ಉತ್ಸವವೆಂಬುದು ಸ್ಮರಣೆಯ ಫಲವು. ಹಿಂದಿನವರನ್ನು ನೆನೆಯುವವರಿಗೇ ಉತ್ಸವವನ್ನಾಚರಿಸುವ ಅಧಿಕಾರವುಂಟು. ನಾಡಿಗಾಗಿ ದೂರದೇಶಗಳಲ್ಲಿ ಹೋರಾಡಿ, ಮಡಿದ ಸ್ಥಳವೂ ತಿಳಿಯದಂತೆ ಕಾಣೆಯಾದ ಯೋಧರ ಅವಶೇಷಗಳನ್ನು ಹುಡುಕುವುದು, ಅವು ಯಾರವೆಂಬುದನ್ನು ನಿರ್ಣಯಿಸುವುದು, ಮನೆಯವರಿಗೆ ಒಪ್ಪಿಸುವುದು—ಈ ಕಾರ್ಯದ ಸ್ವರೂಪವೇನು, ಇದರಲ್ಲಿ ಗೃಹಸ್ಥಭಕ್ತರ ಪಾಲೇನು ಎಂಬುದೇ ಈ ಉಪನ್ಯಾಸದ ವಿಷಯವು.

ಈ ಚಿಂತೆಯು ಹೊಸದಲ್ಲ. ಮಹಾಭಾರತದ ಸ್ತ್ರೀಪರ್ವವನ್ನು ಕೇಳಿದವರೆಲ್ಲರೂ ಇದನ್ನು ಬಲ್ಲರು. ಹದಿನೆಂಟು ದಿನಗಳ ಯುದ್ಧವು ಮುಗಿದ ಮೇಲೆ ಕುರುಕುಲದ ಸ್ತ್ರೀಯರು ರಣಭೂಮಿಗೆ ಬಂದು ತಮ್ಮ ತಮ್ಮವರನ್ನು ಅರಸಿದರು. ಒಂದೆಡೆ ಶಿರಸ್ಸು, ಒಂದೆಡೆ ಮುಂಡ. ಯಾವುದು ಯಾರದೆಂದು ಹೊಂದಿಸಲಾರದೆ ಅವರು ಮತಿಗೆಟ್ಟರೆಂದು ಗಾಂಧಾರಿಯು ಕೃಷ್ಣನಿಗೆ ತೋರಿಸಿ ಮರುಗುತ್ತಾಳೆ. ಆ ಬಳಿಕ ಧರ್ಮರಾಜನು ವಿದುರ, ಸಂಜಯ, ಧೌಮ್ಯ ಮೊದಲಾದವರನ್ನು ಕರೆದು, ಮಡಿದವರೆಲ್ಲರಿಗೂ, ಬಂಧುಗಳಿಲ್ಲದ ಅನಾಥರಿಗೂ ಸಹ, ವಿಧಿವತ್ತಾಗಿ ಸಂಸ್ಕಾರವನ್ನು ಮಾಡಿಸಬೇಕೆಂದು ಅಪ್ಪಣೆಯಿತ್ತನು. ಗೆದ್ದ ಅರಸನ ಮೊದಲನೆಯ ಕಾರ್ಯವು ಪಟ್ಟಾಭಿಷೇಕವಲ್ಲ, ಮಡಿದವರ ಋಣವನ್ನು ತೀರಿಸುವುದು ಎಂಬ ನೀತಿಯು ಇಲ್ಲಿ ಸ್ಫುಟವಾಗಿರುವುದು.

ಈ ಮಲೆನಾಡು ಆ ನೀತಿಯನ್ನು ಕಲ್ಲಿನಲ್ಲಿ ಬರೆದಿಟ್ಟಿತು. ಶಿಕಾರಿಪುರ, ಸೊರಬ, ಸಾಗರದ ಸೀಮೆಗಳಲ್ಲಿ ವೀರಗಲ್ಲಿಲ್ಲದ ಹಳೆಯ ಊರು ವಿರಳವು. ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿಯೂ ಅಂಥ ಕಲ್ಲುಗಳನ್ನು ತಂದಿರಿಸಿದ್ದಾರೆ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ. ನಡುವಣ ಪಟ್ಟಿಕೆಯಲ್ಲಿ ದೇವಾಂಗನೆಯರು ವೀರನನ್ನು ಮೇಲಕ್ಕೊಯ್ಯುವ ಚಿತ್ರ. ಮೇಲಣ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವ ಚಿತ್ರ. ಪಟ್ಟಿಕೆಗಳ ನಡುವೆ ಬರೆಹ. ಬಿ. ಎಲ್. ರೈಸ್ ಅವರು ಶಿವಮೊಗ್ಗೆ ಜಿಲ್ಲೆಯ ಶಾಸನಗಳನ್ನು 1902ರಲ್ಲಿಯೂ 1904ರಲ್ಲಿಯೂ ಎರಡು ಸಂಪುಟಗಳಾಗಿ ಅಚ್ಚುಮಾಡಿಸಿದಾಗ, ಇಂತಹ ಬರೆಹಗಳು ಅನೇಕವು ಬೆಳಕಿಗೆ ಬಂದವು. ಅವುಗಳಲ್ಲಿ ಅರಸನ ಹೆಸರು ಮೊದಲು ಬರುವುದು ನಿಜ. ಆದರೆ ಕಲ್ಲು ನಿಂತುದು ಅರಸನಿಗಾಗಿ ಅಲ್ಲ. ತುರುಗಳನ್ನು ಮರಳಿಸಿ ಬಿದ್ದವನು, ಊರಳಿವಿನಲ್ಲಿ ಕಾದಿ ಸತ್ತವನು, ಯಾರ ಮಗನು, ಯಾರ ಆಳು, ಕಲ್ಲನ್ನು ನಿಲಿಸಿದವರಾರು—ಇಷ್ಟನ್ನು ಬರೆದು, ಒಬ್ಬ ಸಾಮಾನ್ಯ ಒಕ್ಕಲಿಗನ ಹೆಸರನ್ನು ಸಾವಿರ ವರ್ಷ ಉಳಿಸಿದ್ದಾರೆ.

ಆದರೆ ಆ ಕಾಲದ ವೀರನು ತನ್ನ ಊರ ಬಾಗಿಲಲ್ಲಿ ಬಿದ್ದನು. ಅವನ ದೇಹವನ್ನು ಕಂಡವರೇ ಕಲ್ಲನ್ನು ನಿಲಿಸಿದರು. ಇಪ್ಪತ್ತನೆಯ ಶತಮಾನದ ಯುದ್ಧಗಳು ಈ ಕ್ರಮವನ್ನು ಮುರಿದವು. ಮೈಸೂರು ಸಂಸ್ಥಾನದ ಕುದುರೆಯ ದಳವು 1918ರ ಸೆಪ್ಟೆಂಬರ್ 23ರಂದು, ಜೋಧಪುರದ ದಳದೊಡನೆ, ಹೈಫಾ ಪಟ್ಟಣವನ್ನು ಗೆದ್ದ ಸಂಗತಿಯು ಸರ್ವವಿದಿತವು. ಬೆಂಗಳೂರಿನಲ್ಲಿ ಆ ದಳದ ಸ್ಮಾರಕಸ್ತಂಭವೂ ಉಂಟು. ಆದರೆ ಅಲ್ಲಿಯ ರಣರಂಗದಿಂದ ಮಲೆನಾಡಿಗೆ ಎಷ್ಟು ದೂರ! ಆ ಯುದ್ಧದಲ್ಲಿ ಸಿನಾಯಿ, ಪಾಲೆಸ್ತೀನ ಪ್ರಾಂತಗಳಲ್ಲಿ ಮಡಿದ ಸುಮಾರು 4,000 ಭಾರತೀಯ ಯೋಧರ ಸ್ಮಾರಕವು ಸೂಯೆಜ್ ಕಾಲುವೆಯ ತುದಿಯಲ್ಲಿ, ಪೋರ್ಟ್ ತೌಫೀಕಿನಲ್ಲಿ ನಿಂತಿತು. 1967ರಿಂದ 1973ರವರೆಗಣ ಯುದ್ಧಗಳಲ್ಲಿ ಅದೂ ಹಾಳಾಯಿತು. 1980ರಲ್ಲಿ ಕೈರೋ ಸಮೀಪದ ಹೀಲಿಯೊಪೊಲಿಸಿನಲ್ಲಿ ಬೇರೊಂದನ್ನು ನಿಲಿಸಬೇಕಾಯಿತು. ಫ್ರಾನ್ಸಿನ ನ್ಯೂವ್ ಶಾಪೆಲ್ ಎಂಬಲ್ಲಿ 1927ರಲ್ಲಿ ತೆರೆದ ಸ್ಮಾರಕದ ಮೇಲೆ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳುಂಟು. ಇವರೆಲ್ಲರೂ ಸಮಾಧಿಯ ಸ್ಥಳವೇ ತಿಳಿಯದವರು. ವೀರಗಲ್ಲೂ ಅಳಿಯಬಲ್ಲುದು, ಕಲ್ಲಿನ ಮೇಲೆ ಹೆಸರಿದ್ದರೂ ಕೆಳಗೆ ದೇಹವಿಲ್ಲದಿರಬಹುದು ಎಂಬುದಕ್ಕೆ ಇವು ಸಾಕ್ಷಿಗಳು.

ಕಾಣೆಯಾದವನ ಮನೆಯ ಅವಸ್ಥೆಯನ್ನು ಇಲ್ಲಿ ವಿಚಾರಿಸತಕ್ಕದ್ದು. ಸತ್ತನೆಂಬ ವಾರ್ತೆ ಬಂದ ಮನೆಯಲ್ಲಿ ದುಃಖಕ್ಕೆ ಒಂದು ಮೇರೆಯುಂಟು. ಕಾಣೆಯಾದನೆಂಬ ವಾರ್ತೆ ಬಂದ ಮನೆಯಲ್ಲಿ ಮೇರೆಯಿಲ್ಲ. ಹೆಂಡತಿಯು ಮುತ್ತೈದೆಯೋ ಅಲ್ಲವೋ ಅವಳಿಗೇ ತಿಳಿಯದು. ತಾಯಿಯು ಬಾಗಿಲ ಅಗುಳಿಯನ್ನು ಹಾಕಲು ಅಂಜುವಳು. ಮಕ್ಕಳಿಗೆ ಆಸ್ತಿಯ ಪತ್ರದಲ್ಲಿ ತಂದೆಯ ಹೆಸರಿನ ಹಿಂದೆ ಏನು ಬರೆಯಬೇಕೆಂಬುದು ತಿಳಿಯದು. ಬದುಕಿದ್ದರೆ ಯಾರು ಸಹಜವಾಗಿ ವಾರ್ತೆಯನ್ನು ಕೇಳುತ್ತಿದ್ದರೋ ಅವರು ಏಳು ವರ್ಷಗಳವರೆಗೆ ಏನನ್ನೂ ಕೇಳದಿದ್ದರೆ, ಬದುಕಿರುವನೆಂಬುದನ್ನು ಸಾಧಿಸುವ ಭಾರವು ಹಾಗೆನ್ನುವವನ ಮೇಲೆ ಬೀಳುವುದೆಂದು 1872ರ ಸಾಕ್ಷ್ಯದ ಕಾನೂನು ಹೇಳಿತು; 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಕಾನೂನೂ ಅದನ್ನೇ ಹೇಳುವುದು. ಕಾನೂನಿಗೆ ಏಳು ವರ್ಷಗಳು ಸಾಕು. ತಾಯಿಯ ಹೃದಯಕ್ಕೆ ಎಪ್ಪತ್ತು ವರ್ಷಗಳೂ ಸಾಲವು.

ಸಂಸ್ಕಾರದ ವಿಷಯದಲ್ಲಿಯೂ ಇದೇ ಕಷ್ಟವು. ಲಿಂಗವಂತರ ಸಂಪ್ರದಾಯದಲ್ಲಿ ದೇಹವನ್ನು ಕುಳ್ಳಿರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿಯೊಡನೆ ಸಮಾಧಿ ಮಾಡುವರು. ಆ ಕೈಯೇ ದೊರೆಯದಿದ್ದಲ್ಲಿ ಮಾಡುವುದೇನು? ದಹನಸಂಪ್ರದಾಯದವರಿಗಾಗಿ ಗರುಡಪುರಾಣವು ದರ್ಭೆ ಪಲಾಶಗಳಿಂದ ಪ್ರತಿಕೃತಿಯನ್ನು ಮಾಡಿ ಸಂಸ್ಕರಿಸುವ ಕ್ರಮವನ್ನು ಹೇಳುವುದು. ದೇಹವು ದೊರೆಯದ ಸಾವು ಪೂರ್ವಿಕರಿಗೂ ಪರಿಚಿತವಾಗಿತ್ತೆಂಬುದು ಇದರಿಂದ ಸಿದ್ಧವಾಗುವುದು.

ಇನ್ನು ಗುರುತಿಸುವ ಕ್ರಮವನ್ನು ನೋಡೋಣ. ಮೊದಲನೆಯ ಸಾಧನವು ಕೊರಳಿನ ಬಿಲ್ಲೆ. ಯೋಧನ ಹೆಸರು, ಸೈನ್ಯದ ಸಂಖ್ಯೆ ಮೊದಲಾದುವನ್ನು ಅದರ ಮೇಲೆ ಒತ್ತಿರುವರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯು ಲೋಹವನ್ನು ಬಿಟ್ಟು ನಾರನ್ನು ಅದುಮಿದ ಬಿಲ್ಲೆಯನ್ನು ಕೊಟ್ಟಿತು. 1916ರವರೆಗೆ ಒಂದೇ ಬಿಲ್ಲೆಯಿದ್ದುದರಿಂದ, ಮರಣದ ವರದಿಗಾಗಿ ಅದನ್ನು ಬಿಚ್ಚಿಕೊಂಡೊಡನೆ ದೇಹವು ಅನಾಮಧೇಯವಾಗುತ್ತಿತ್ತು. ಆ ಮೇಲೆ ಎರಡು ಬಿಲ್ಲೆಗಳನ್ನು ಕೊಟ್ಟರೂ, ನಾರು ಮಣ್ಣಿನಲ್ಲಿ ಕರಗಿ ಅಸಂಖ್ಯಾತ ಯೋಧರು ಹೆಸರಿಲ್ಲದವರಾದರು. 1923ರಲ್ಲಿ ಕುಲುಮೆ ಹೊತ್ತಿದ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ಮನೆತನಗಳಿಗೆ ಲೋಹದ ಗುಣವನ್ನು ವಿವರಿಸಬೇಕಾಗಿಲ್ಲ. ಯಾವುದು ತುಕ್ಕಿಗೆ ತುತ್ತಾಗುವುದು, ಯಾವುದು ಉಳಿಯುವುದು ಎಂಬ ಈ ಸಣ್ಣ ವಿವೇಕದ ಮೇಲೆ ಒಬ್ಬನ ಹೆಸರು ನಿಂತಿರುವುದು.

ಬಿಲ್ಲೆಯಿಲ್ಲದಿದ್ದಲ್ಲಿ ಹೆಗಲಿನ ಲಾಂಛನ, ಗುಂಡಿ, ಪಾದರಕ್ಷೆ, ಜೇಬಿನ ಕಾಗದಗಳನ್ನು ಪರೀಕ್ಷಿಸುವರು. ಅನಂತರ ಎಲುಬುಗಳಿಂದ ವಯಸ್ಸು ಎತ್ತರಗಳನ್ನೂ, ಹಲ್ಲುಗಳಿಂದ ಹಳೆಯ ಚಿಕಿತ್ಸೆಯ ಗುರುತನ್ನೂ ತಿಳಿಯುವರು. ಕಡೆಯದು ಡಿ.ಎನ್.ಎ. ಪರೀಕ್ಷೆಯು. ಎಲುಬಿನೊಳಗಿನ ಒಂದು ಬಗೆಯ ಅಂಶವು ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವುದು. ಆದಕಾರಣ ಮಡಿದವನ ಅಕ್ಕತಂಗಿಯರ, ಅವರ ಮಕ್ಕಳ ರಕ್ತದೊಡನೆ ಅದನ್ನು ಹೋಲಿಸಿ ನೋಡಬಹುದು. ಹೋಲಿಸಲು ಬಂಧುಗಳಾರೂ ದೊರೆಯದಿದ್ದರೆ ಎಲುಬು ಮೂಕವಾಗಿಯೇ ಉಳಿಯುವುದು. ವಿದ್ಯೆಯೂ ಯಂತ್ರವೂ ಎಷ್ಟೇ ಬೆಳೆದರೂ, ಕಡೆಗೆ ಒಂದು ಮನೆಯು ತನ್ನವನನ್ನು ನೆನೆದಿರಬೇಕು.

ಇವಕ್ಕೆ ದೃಷ್ಟಾಂತಗಳನ್ನು ಕೊಡಬೇಕು. 1984ರ ಮೇ 29ರಂದು ಸಿಯಾಚಿನ್ ಹಿಮನದಿಯಲ್ಲಿ ಕುಮಾವೂ ದಳದ ತಂಡವೊಂದು ಹಿಮಪಾತಕ್ಕೆ ಸಿಕ್ಕಿತು. ಆ ತಂಡದ ಚಂದ್ರಶೇಖರ ಹರಬೋಲಾ ಎಂಬ ಯೋಧನ ಅವಶೇಷವು 2022ರ ಆಗಸ್ಟಿನಲ್ಲಿ, 38 ವರ್ಷಗಳ ಬಳಿಕ ದೊರೆಯಿತು. ಸಂಖ್ಯೆಯನ್ನು ಹೇಳಿದ್ದು ಬಿಲ್ಲೆಯು. ಹಲ್ದ್ವಾನಿಯಲ್ಲಿ ಪತ್ನಿಯೂ ಇಬ್ಬರು ಹೆಣ್ಣುಮಕ್ಕಳೂ ಕಡೆಯ ದರ್ಶನವನ್ನು ಪಡೆದರು. 1968ರ ಫೆಬ್ರವರಿ 7ರಂದು 102 ಮಂದಿಯನ್ನು ಹೊತ್ತು ಚಂಡೀಗಢದಿಂದ ಲೇಹಕ್ಕೆ ಹೊರಟ ವಾಯುಸೇನೆಯ ವಿಮಾನವು ರೋಹತಾಂಗದ ಬಳಿ ಕಾಣೆಯಾಯಿತು. 2003ರಲ್ಲಿ ಪರ್ವತಾರೋಹಿಗಳಿಗೆ ಅದರ ಕುರುಹು ಸಿಕ್ಕಿತು. 2024ರ ಸೆಪ್ಟೆಂಬರಿನಲ್ಲಿ, 56 ವರ್ಷಗಳ ಬಳಿಕ, ಇನ್ನು ನಾಲ್ವರ ಅವಶೇಷಗಳು ದೊರೆತವು. ಬಹು ಮಂದಿ ಇನ್ನೂ ಮಂಜಿನಲ್ಲಿಯೇ ಇರುವರು. ಫ್ರಾನ್ಸಿನ ರಿಷ್‌ಬೂರಿನಲ್ಲಿ 2016ರಲ್ಲಿ ದೊರೆತ ಇಬ್ಬರು ಭಾರತೀಯ ಯೋಧರ ಎಲುಬುಗಳನ್ನು, ಲಾಂಛನದಿಂದ ಗಢವಾಲ ದಳದವೆಂದು ಗುರುತಿಸಿ, 2017ರ ನವೆಂಬರಿನಲ್ಲಿ ಲಾವಾಂತಿಯ ಯೋಧರ ಸ್ಮಶಾನದಲ್ಲಿ ಗೌರವದಿಂದ ಮಣ್ಣುಮಾಡಿದರು. ದಳವು ತಿಳಿಯಿತು, ಹೆಸರು ತಿಳಿಯಲಿಲ್ಲ. ತಿಳಿಯದುದನ್ನು ತಿಳಿಯದೆಂದೇ ಬಿಟ್ಟರು. ಒಂದು ಹೆಸರನ್ನು ಊಹಿಸಿ ಬರೆಯಲಿಲ್ಲ. ಇದು ಸತ್ಯಧರ್ಮವು.

ಕನ್ನಡಿಗರ ಹೃದಯಕ್ಕೆ ಅತಿ ಸಮೀಪವಾದ ದೃಷ್ಟಾಂತವು 2016ರದು. ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ, 19,600 ಅಡಿಗಳೆತ್ತರದ ಸೋನಮ್ ಠಾಣ್ಯದ ಮೇಲೆ ಹಿಮದ ಗೋಡೆಯು ಕುಸಿದು, ಮದ್ರಾಸ್ ರೆಜಿಮೆಂಟಿನ 19ನೆಯ ದಳದ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ಣಾಟಕದವರು: ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ, ಹೆಗ್ಗಡದೇವನಕೋಟೆ ಸೀಮೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ಬದುಕುಳಿದಿರುವ ಆಸೆಯಿಲ್ಲವೆಂದೇ ಲೋಕವು ತಿಳಿದಿತ್ತು. ಸಂತಾಪದ ಮಾತುಗಳೂ ಹೊರಟಿದ್ದವು. ಆದರೂ ಒಡನಾಡಿಗಳು ಬಿಡಲಿಲ್ಲ. ಉಸಿರಾಡಲೂ ಗಾಳಿ ಸಾಲದ ಎತ್ತರದಲ್ಲಿ ಹಗಲಿರುಳು ನೀಲಿ ಮಂಜಿನ ಗಡ್ಡೆಗಳನ್ನು ಕೊರೆದರು. ರೇಡಾರ್ ಯಂತ್ರಗಳನ್ನೂ ಮೂಸಿ ಹುಡುಕುವ ನಾಯಿಗಳನ್ನೂ ಬಳಸಿದರು. ಹೆಣಗಳನ್ನು ತರಲೆಂದು ಅಗೆದವರಿಗೆ, ಫೆಬ್ರವರಿ 8ರಂದು, 25 ಅಡಿಗೂ ಮಿಕ್ಕ ಆಳದಲ್ಲಿ ಹನುಮಂತಪ್ಪನು ಜೀವಸಹಿತನಾಗಿ ದೊರೆತನು! ನಾಡೆಲ್ಲವೂ ಪ್ರಾರ್ಥಿಸಿತು. ಫೆಬ್ರವರಿ 11ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅವನ ಪ್ರಾಣವು ಹೋಯಿತು. ಬೆಟದೂರಿನ ಮಣ್ಣು ತನ್ನ ಮಗನನ್ನು ಮರಳಿ ಪಡೆಯಿತು. ಉಳಿದ ಒಂಬತ್ತು ಮಂದಿಯ ದೇಹಗಳೂ ಮನೆಗಳನ್ನು ಸೇರಿದವು.

ಇಲ್ಲಿ ಒಂದು ಪೂರ್ವಪಕ್ಷವುಂಟು. ದೇಹವು ನಶ್ವರವು, ಆತ್ಮನು ಶಿವನಲ್ಲಿ ಐಕ್ಯನಾದ ಮೇಲೆ ಎಲುಬನ್ನು ಹುಡುಕುವುದು ಮೋಹವಲ್ಲವೇ? ಮಡಿದವನಿಗಾಗಿ ಬದುಕಿರುವವನನ್ನು ಅಪಾಯಕ್ಕೆ ಒಡ್ಡುವುದು ಯುಕ್ತವೇ? ಇದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. 2016ರ ಜುಲೈ 22ರಂದು ಬಂಗಾಳಕೊಲ್ಲಿಯಲ್ಲಿ 29 ಮಂದಿಯೊಡನೆ ಮುಳುಗಿದ ವಾಯುಸೇನೆಯ ವಿಮಾನದ ಚೂರುಗಳ ಚಿತ್ರಗಳು 2024ರ ಜನವರಿಯಲ್ಲಿ ಹೊರಬಿದ್ದವು; ಅವು 3,400 ಮೀಟರುಗಳ ಆಳದಲ್ಲಿದ್ದವು. ಕಂಡುದೆಲ್ಲವನ್ನೂ ಎತ್ತಿ ತರಲಾಗದು. ಜೀವಹಾನಿಯಾಗುವಲ್ಲಿ ನಿಲ್ಲಿಸುವುದೇ ವಿವೇಕವು.

ಆದರೆ ಸಮಾಧಾನವಿದು. ಈ ಶೋಧನೆಯು ಮಡಿದವನ ಸದ್ಗತಿಗಾಗಿ ಅಲ್ಲ. ಅವನ ಗತಿಯು ಎಲುಬಿಗೆ ಕಟ್ಟುಬಿದ್ದಿಲ್ಲ. ಇದು ಬದುಕಿರುವವರ ಧರ್ಮಕ್ಕಾಗಿ. ಮಗನನ್ನು ಕಳುಹಿಸಿಕೊಟ್ಟ ತಾಯಿಗೆ, ಅವನೇನಾದನೆಂಬ ಉತ್ತರವನ್ನು ನಾಡು ಸಲ್ಲಿಸಬೇಕಾಗಿರುವುದು. ಅಳಿಯುವುದೆಂದು ದೇಹವನ್ನು ತುಚ್ಛೀಕರಿಸುವುದು ಲಿಂಗವಂತರ ಮತವಲ್ಲ. ಲಿಂಗವನ್ನು ಧರಿಸಿದ ಅಂಗಕ್ಕೆ ಕೊನೆಯವರೆಗೂ ಮರ್ಯಾದೆಯುಂಟು. ಹಾಗೂ ಸಿಯಾಚಿನ್ನಿನ ಆ ಆರು ದಿನಗಳು ತೋರಿಸಿದಂತೆ, ಸತ್ತವರನ್ನು ಬಿಡದ ಸೈನ್ಯವೇ ಬದುಕಿರುವವನನ್ನು ಕಾಣಬಲ್ಲುದು.

ಭಕ್ತರು ಮಾಡತಕ್ಕುದೇನು? ಯೋಧರಿದ್ದ ಮನೆಗಳಲ್ಲಿ ಹಳೆಯ ಪತ್ರಗಳನ್ನೂ, ಭಾವಚಿತ್ರಗಳನ್ನೂ, ದಳದ ಹೆಸರು ಸಂಖ್ಯೆಗಳುಳ್ಳ ಕಾಗದಗಳನ್ನೂ ಪೆಟ್ಟಿಗೆಯ ಅಡಿಯಲ್ಲಿ ಗೆದ್ದಲಿಗೆ ಬಿಡದೆ, ನಕಲು ಮಾಡಿ ಇರಿಸಿರಿ. ಕಾಣೆಯಾದವನ ತಾಯಿಯ ಕಡೆಯ ಬಂಧುಗಳಾರೆಂಬುದನ್ನು ಬರೆದಿಡಿರಿ. ಪ್ರತಿ ಗ್ರಾಮದವರೂ ತಮ್ಮ ಊರಿನಿಂದ ಸೈನ್ಯಕ್ಕೆ ಹೋದವರ, ಮರಳದವರ ಪಟ್ಟಿಯನ್ನು ಮಾಡಿ, ಒಂದು ಪ್ರತಿಯನ್ನು ಜಿಲ್ಲೆಯ ಸೈನಿಕ ಕಲ್ಯಾಣದ ಕಚೇರಿಗೂ ಒಂದನ್ನು ಶ್ರೀಮಠಕ್ಕೂ ಒಪ್ಪಿಸಲಿ. ಮರಳದ ಯೋಧನ ಮನೆಯ ಹೆಣ್ಣುಮಗಳಿಗೆ ಶುಭಕಾರ್ಯಗಳಲ್ಲಿ ಮುಂದಣ ಸ್ಥಾನವನ್ನು ಕೊಡಿರಿ. ಅವಳ ಅನಿಶ್ಚಯಕ್ಕೆ ಅಪಶಕುನದ ಹೆಸರನ್ನು ಕೂಡಿಸಬೇಡಿರಿ. ಹಾಗೂ ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲು ಕಂಡರೆ, ಅದನ್ನು ಬಟ್ಟೆಯೊಗೆಯುವ ಕಲ್ಲು ಮಾಡದೆ ಎತ್ತಿ ನಿಲಿಸಿರಿ. ಸಾವಿರ ವರ್ಷದ ಹಿಂದಿನವನ ಹೆಸರನ್ನು ತುಳಿದವರಿಗೆ ನಿನ್ನೆಯವನ ಹೆಸರನ್ನು ಕಾಯುವ ಕೈ ಬಾರದು.

ಧರ್ಮರಾಜನ ಅಪ್ಪಣೆಯಲ್ಲಿ ಅನಾಥರಿಗೂ ಪಾಲಿತ್ತು. ಆ ಪಾಲು ಈ ನಾಡಿನಲ್ಲಿ ತಪ್ಪದೆ ಸಲ್ಲಲಿ. ಮಂಜಿನಲ್ಲಿಯೂ ಮರಳಿನಲ್ಲಿಯೂ ಕಡಲಿನಲ್ಲಿಯೂ ಮಲಗಿರುವ ವೀರರಿಗೆ ಶಿವನು ಶಾಂತಿಯನ್ನೂ, ಕಾದಿರುವವರಿಗೆ ಧೈರ್ಯವನ್ನೂ ಕರುಣಿಸಲಿ.