ಕಳೆ ಕಿತ್ತವಳ ಹೆಸರು ಪಟ್ಟಾದಲ್ಲಿಲ್ಲ
(ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಆಫ್ರಿಕಾದ ಕೀನ್ಯಾ ದೇಶದ ವಿದ್ವಾಂಸೆಯೊಬ್ಬರ ದುಡಿಮೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅವರ ಹೆಸರು ಅಚೋಲಾ ಪಾಲಾ. ಹಾರ್ವರ್ಡಿನಲ್ಲಿ ಮಾನವಶಾಸ್ತ್ರ ಓದಿದ ಈಕೆ ಅಧ್ಯಯನಕ್ಕೆ ಆರಿಸಿಕೊಂಡದ್ದು ವಿಕ್ಟೋರಿಯಾ ಸರೋವರದ ದಂಡೆಯ ಲುವೋ ಹೆಂಗಸರ ಹೊಲಗಳನ್ನು.

ಲುವೋ ಸಂಪ್ರದಾಯದಲ್ಲಿ ನೆಲ ಕುಲದ್ದು. ಮದುವೆಯಾಗಿ ಬಂದ ಹೆಣ್ಣಿಗೆ ಸಾಗುವಳಿಗೆ ಹೊಲ ಕೊಡಲೇಬೇಕು. ಅವಳು ಬಿತ್ತಿ, ಕಳೆ ಕಿತ್ತು, ಆ ಬೆಳೆಯಿಂದ ಮಕ್ಕಳನ್ನು ಸಾಕುತ್ತಾಳೆ. ಗಂಡ ಅದನ್ನು ತನ್ನಿಷ್ಟಕ್ಕೆ ಮಾರುವಂತಿರಲಿಲ್ಲ. ಅದೇನೂ ಸ್ವರ್ಗವಲ್ಲ, ಒಡೆತನ ಹೆಣ್ಣಿಗೆ ಆಗಲೂ ಇರಲಿಲ್ಲ. ಆದರೆ ಗೇಯುವ ಹಕ್ಕು ಭದ್ರವಾಗಿತ್ತು. 1954ರಲ್ಲಿ ಬ್ರಿಟಿಷ್ ಸರಕಾರ ಸ್ವಿನರ್ಟನ್ ಯೋಜನೆ ತಂದಿತು: ನೆಲ ಅಳೆದು ಒಬ್ಬೊಬ್ಬರ ಹೆಸರಿಗೆ ಪಟ್ಟಾ ಬರೆಯುವುದು. ಬರೆದದ್ದು ಬಹುಪಾಲು ಗಂಡಸರ ಹೆಸರಿಗೆ. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಅದೇ ಪದ್ಧತಿ ಮುಂದುವರಿದು ಲುವೋ ನಾಡನ್ನೂ ಮುಟ್ಟಿತು. ಪಟ್ಟಾ ಇದ್ದವನು ಅಡವಿಡಬಹುದು, ಮಾರಬಹುದು. ಗೇಯುವವಳನ್ನು ಒಂದು ಮಾತು ಕೇಳಬೇಕಾಗಿಲ್ಲ!

1977ರ ಲೇಖನವೊಂದರಲ್ಲಿ ಪಾಲಾ ಇನ್ನೊಂದು ಸಂಗತಿ ಹೇಳುತ್ತಾರೆ. ವೈದ್ಯ ಸೌಕರ್ಯ ಬೇಕು, ಕೂಸುಗಳ ಸಾವು ತಪ್ಪಬೇಕು ಎಂದು ಹಳ್ಳಿಯ ಹೆಂಗಸರು ಕೇಳುತ್ತಿದ್ದರೆ, ಅವರ ಮುಂದಿಟ್ಟದ್ದು ಕುಟುಂಬ ಯೋಜನೆಯ ಪ್ರಶ್ನಾವಳಿಯಂತೆ. ಹಸಿದವನಿಗೆ ಎಲೆ ಹಾಕದೆ ತಕ್ಕಡಿ ತಂದಂತಾಯಿತು. ಅದೇ ವರ್ಷ ಡಕಾರಿನಲ್ಲಿ ಆಫ್ರಿಕಾದ ವಿದ್ವಾಂಸೆಯರು ತಮ್ಮದೇ ಸಂಶೋಧನಾ ಸಂಘ ಕಟ್ಟಿದರು. ಸೆನೆಗಾಲಿನ ಮಾರಿ-ಆಂಜೆಲಿಕ್ ಸಾವಾನೆ ಮೊದಲ ಅಧ್ಯಕ್ಷೆ. ಪಾಲಾ ಮುಂದೆ ವಿಶ್ವಸಂಸ್ಥೆಯ ಮಹಿಳಾ ನಿಧಿಯಲ್ಲೂ ದುಡಿದರು.

ಬರೆದರೆ ನೆಲ ಸಿಕ್ಕೀತೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 2010ರ ಕೀನ್ಯಾ ಸಂವಿಧಾನ ನೆಲದ ವಿಷಯದಲ್ಲಿ ಹೆಣ್ಣು-ಗಂಡೆಂಬ ಭೇದ ಕೂಡದೆಂದಿತು. 2013ರ ವೈವಾಹಿಕ ಆಸ್ತಿ ಕಾಯಿದೆಯು ಮನೆಗೆಲಸ, ಮಕ್ಕಳ ಪಾಲನೆ, ಹೊಲದ ಗೇಯ್ಮೆ ಇವನ್ನೂ ಆಸ್ತಿಗೆ ಸಂದ ಕೊಡುಗೆಯೆಂದು ಎಣಿಸಿತು. ಇದು ಒಬ್ಬರಿಂದ ಆದದ್ದಲ್ಲ, ಬೇಗ ಆದದ್ದಂತೂ ಅಲ್ಲವೇ ಅಲ್ಲ. 2023ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಮದುವೆ ಮುರಿದಾಗ ಅರ್ಧ ಪಾಲು ತಾನಾಗಿ ಬಾರದು, ಯಾರ ಕೊಡುಗೆ ಎಷ್ಟೆಂದು ರುಜುವಾತಾಗಬೇಕು ಎಂದಿತು. ಮಿಲ್ಲಿನಲ್ಲಿ ದುಡಿಯುವ ನಮಗೆ ಹಾಜರಿ ಪುಸ್ತಕವಿದೆ. ಇಪ್ಪತ್ತು ವರ್ಷ ಕಳೆ ಕಿತ್ತವಳು ಕೋರ್ಟಿನಲ್ಲಿ ಯಾವ ಪುಸ್ತಕ ತೆರೆದು ತೋರಿಸಬೇಕು? ಹೆಂಗಸರ ಗೇಯ್ಮೆಯನ್ನು ಹೊಲಕ್ಕೇ ಹೋಗಿ ಎಣಿಸಿ ಬರೆದಿಡುವ ಕೆಲಸ ಅಲ್ಲಿ ಇನ್ನೂ ಬೇಕಾಗಿರುವುದು ಇದಕ್ಕೇ.