ಒಟ್ಟು ಸಂಖ್ಯೆ ಇಳಿಯದಿದ್ದರೆ ಕೆಲಸ ಆಗಿಲ್ಲವೇ?

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು ನಾವಿರೋ ಈ ಚೆನ್ನೈನಲ್ಲೇ, 1986ರಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ ಅದನ್ನು ಕಂಡುಹಿಡಿದರು. ಮುಂದೆ ಬಂದದ್ದು ಹಾರ್ಮ್ ರಿಡಕ್ಷನ್. ಅಂದ್ರೆ ವೃತ್ತಿ ಬಿಡಿ ಅಂತ ಉಪದೇಶ ಮಾಡದೆ, ಕಾಂಡೋಮ್, ಕ್ಲಿನಿಕ್ ಒದಗಿಸಿ ಅಪಾಯ ತಗ್ಗಿಸೋದು. ಇದರಿಂದ ಸೋಂಕು ನಿಜಕ್ಕೂ ಕಡಿಮೆಯಾಗತ್ತಾ?

ನಮ್ಮ ಮೈಸೂರನ್ನೇ ನೋಡಿ. ಲೈಂಗಿಕ ಕಾರ್ಯಕರ್ತೆಯರ ಆಶೋದಯ ಸಮಿತಿ ಕೆಲಸ ಮಾಡೋ ಊರು. 2004ರ ಸಮೀಕ್ಷೆಯಲ್ಲಿ ಅವರಲ್ಲಿ ಎಚ್‌ಐವಿ ಶೇ. 26, 2006ರಲ್ಲಿ ಶೇ. 24. ನಮ್ಮ ಮ್ಯಾನೇಜರ್‌ಗಳಾದ್ರೆ 'ಪ್ರಾಜೆಕ್ಟ್ ಫೇಲ್' ಅಂದುಬಿಡ್ತಿದ್ರು!

ಆದರೆ ಎಚ್‌ಐವಿ ಕ್ಲೋಸ್ ಆಗದ ಟಿಕೆಟ್ ಇದ್ದ ಹಾಗೆ, ಹಳೆಯದೆಲ್ಲ ಲೆಕ್ಕದಲ್ಲೇ ಉಳಿಯತ್ತೆ. ನೋಡಬೇಕಾದ್ದು ಹೊಸ ಟಿಕೆಟ್‌ಗಳನ್ನು. ಅದೇ ಅವಧಿಯಲ್ಲಿ, ಚಿಕಿತ್ಸೆಯಿಂದ ವಾಸಿಯಾಗೋ ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು. ಅಪರೂಪದ ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ಶೇ. 65ರಿಂದ 90ಕ್ಕೆ ಏರಿತು. ಇತ್ತೀಚಿನ ಎಚ್‌ಐವಿ ಸೋಂಕು ಗುರುತಿಸೋ ಪರೀಕ್ಷೆಯೂ ಇಳಿಕೆಯನ್ನೇ ಸೂಚಿಸಿತು.

ಹೋಲಿಸಲು ಕಂಟ್ರೋಲ್ ಗ್ರೂಪ್ ಇರಲಿಲ್ಲ, ನಿಜ. ಹಾಗಾಗಿ ಪೂರ್ತಿ ಶ್ರೇಯ ಕಾರ್ಯಕ್ರಮಕ್ಕೇ ಅನ್ನೋಕಾಗಲ್ಲ. ಆದರೆ ಎ/ಬಿ ಟೆಸ್ಟ್ ಮಾಡ್ತೀವಿ ಅಂತ ಅರ್ಧ ಊರಿಗೆ ಕಾಂಡೋಮ್ ನಿಲ್ಲಿಸೋಕಾಗತ್ತಾ?

ಇಂಥ ಕೆಲಸಕ್ಕೆ ದುಡ್ಡು ದಂಡ ಅಂತ ಯಾರಾದರೂ ಅಂದರೆ, ಒಂದೇ ಪ್ರಶ್ನೆ ಕೇಳಿ: ಹೊಸ ಸೋಂಕು ಎಷ್ಟು?