ಲಿಕ್ವಿಡೇಟರ್ ಸಂಭಾವನೆ, ಸದಸ್ಯರ ರೊಕ್ಕ

(ಬೆಳ್ಳಿಹಬ್ಬದ ಅಂಗವಾಗಿ ಜರುಗಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸೊಸೈಟಿ ಮುಚ್ಚುವ ಮಾತು ಯಾಕ್ರಿ ಎಂದು ಯಾರಾದರೂ ಕೇಳಬಹುದು. ದೇವರ ದಯೆಯಿಂದ ನಮ್ಮ ಸಂಘ ಗಟ್ಟಿ ಇದೆ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಾವು ರೊಕ್ಕವನ್ನು ಒಂದೇ ಕಡೆ ಇಡುವವರಲ್ಲ. ಕಬ್ಬಿನ ಬಿಲ್ಲು ಒಂದು ಕಡೆ, ಮಗಳ ಮದುವೆಗೆಂದು ಇಟ್ಟ ಠೇವಣಿ ಇನ್ನೊಂದು ಪತ್ತಿನ ಸಂಘದಲ್ಲಿ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಸಂಘ ಕಟ್ಟುವುದನ್ನು ಕಲಿತೆವು. ಮುಚ್ಚುವಾಗ ಲೆಕ್ಕ ಕೇಳುವುದನ್ನು ಮಾತ್ರ ಇನ್ನೂ ಕಲಿಯಬೇಕಾಗಿದೆ.

ಸಂಘ ಮುಳುಗಿದಾಗ ನಿಬಂಧಕರು ಸಮಾಪನಾಧಿಕಾರಿಯನ್ನು, ಅಂದರೆ ಲಿಕ್ವಿಡೇಟರನ್ನು ನೇಮಿಸುತ್ತಾರೆ. ಆಸ್ತಿ, ದಫ್ತರ, ಬಾಕಿ ವಸೂಲಿ ಎಲ್ಲವೂ ಅವರ ಕೈಗೆ ಬರುತ್ತದೆ. ಅವರ ಸಂಭಾವನೆ ಮತ್ತು ಖರ್ಚು ಸಂಘದ ರೊಕ್ಕದಿಂದಲೇ ಹೋಗುತ್ತದೆ, ಅದೂ ನಮಗಿಂತ ಮೊದಲು. 10 ಲಕ್ಷ ವಸೂಲಾಯಿತು, 2 ಲಕ್ಷ ಖರ್ಚಾಯಿತು ಎಂದು ಹಿಡಿಯಿರಿ. ಹಂಚಲು ಉಳಿಯುವುದು 8 ಲಕ್ಷ. ಸಹಕಾರಿ ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಆದ್ದರಿಂದ ಲಿಕ್ವಿಡೇಟರ್ ಮಾಡುವ ಪ್ರತಿಯೊಂದು ಖರ್ಚೂ ನಮ್ಮ ಕಿಸೆಯದೇ.

ಹಾಗೆಂದು ಲಿಕ್ವಿಡೇಟರ್ ಎಂದರೆ ಕಳ್ಳರೆಂದು ತಿಳಿಯಬಾರದು. ಬಾಕಿದಾರ ವರ್ಷಗಟ್ಟಲೆ ಸತಾಯಿಸಿದರೆ ಖರ್ಚು ಏರಿಯೇ ಏರುತ್ತದೆ. ಮಾಡಿದ ಕೆಲಸಕ್ಕೆ ಕೂಲಿ ಕೊಡಲೇಬೇಕು. ಆದರೆ ನಿಗದಿಗಿಂತ ಹೆಚ್ಚು ತೆಗೆದುಕೊಂಡರೆ, ಜಾಹೀರಾತಿಲ್ಲದೆ ಆಸ್ತಿ ಮಾರಿದರೆ, ಲೆಕ್ಕ ಕೇಳಿದವರಿಗೆ ಬಾಗಿಲು ಹಾಕಿದರೆ ಸುಮ್ಮನಿರಬಾರದು.

ಯಾರ ಬಾಗಿಲು ಬಡಿಯಬೇಕು? ಮೊದಲು ಸಂಘ ಯಾವ ಕಾಯ್ದೆಯದು ಎಂದು ನೋಡಬೇಕು. ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆಯದಾದರೆ ಲಿಕ್ವಿಡೇಟರನ್ನು ನೇಮಿಸಿ ಸಂಭಾವನೆ ಗೊತ್ತುಮಾಡುವವರು ನಿಬಂಧಕರು. ತಕರಾರು ಸಹಕಾರ ಇಲಾಖೆಗೇ ಹೋಗಬೇಕು. ನಮ್ಮದು ಗಡಿಭಾಗ. ಆಚೆ ಕೊಲ್ಹಾಪುರ, ಸಾಂಗಲಿಯಲ್ಲೂ ವ್ಯವಹರಿಸುವ ಬಹುರಾಜ್ಯ ಸಂಘವಾದರೆ 2002ರ ಕೇಂದ್ರ ಕಾಯ್ದೆ, ದಿಲ್ಲಿಯ ಕೇಂದ್ರ ನಿಬಂಧಕರು. ಎರಡರಲ್ಲೂ ನೇರವಾಗಿ ಸಿವಿಲ್ ಕೋರ್ಟಿಗೆ ಓಡಿದರೆ ಕೆಲಸವಾಗದು; ಸಂಘದ ಮೇಲೆ ದಾವೆ ಹೂಡಲು ನಿಬಂಧಕರ ಅನುಮತಿ ಬೇಕು.

ಮುಳುಗಿದ್ದು ಕಬ್ಬಿನ ಬಾಕಿ ಇಟ್ಟುಕೊಂಡ ಖಾಸಗಿ ಕಂಪನಿಯಾದರೆ ದಾರಿಯೇ ಬೇರೆ. ಅಲ್ಲಿ 2016ರ ದಿವಾಳಿ ಸಂಹಿತೆ ನಡೆಯುತ್ತದೆ. ಸಾಲ ಕೊಟ್ಟ ಬ್ಯಾಂಕುಗಳ ಸಮಿತಿ 66 ಪ್ರತಿಶತ ಮತದಿಂದ ಪರಿಹಾರ ವೃತ್ತಿಪರರನ್ನು ಬದಲಿಸಲು ಕೇಳಬಹುದು. ಆ ಸಮಿತಿಯಲ್ಲಿ ಕಬ್ಬು ಹಾಕಿದ ರೈತನಿಗೆ ಸಾಮಾನ್ಯವಾಗಿ ಮತವಿಲ್ಲ. ಆದರೆ ಆ ವೃತ್ತಿಪರರ ನಡತೆಯ ಮೇಲೆ ದಿವಾಳಿ ಮಂಡಳಿಗೆ 2,500 ರೂಪಾಯಿ ಶುಲ್ಕ ಕಟ್ಟಿ ದೂರು ಕೊಡುವ ಹಕ್ಕು ಅವನಿಗೂ ಇದೆ. ದೂರು ಸುಳ್ಳಲ್ಲವೆಂದು ಕಂಡುಬಂದರೆ ಶುಲ್ಕ ಮರಳಿ ಬರುತ್ತದೆ.

ಬಂಧುಗಳೇ, ಬಾಗಿಲು ಯಾವುದೇ ಇರಲಿ, ಬೈದರೆ ಕೆಲಸವಾಗುವುದಿಲ್ಲ, ಬರೆದರೆ ಆಗುತ್ತದೆ. "ರೊಕ್ಕ ತಿಂದಾನ್ರಿ" ಎಂದು ಚಾವಡಿಯಲ್ಲಿ ಕೂಗಿದ್ದಕ್ಕೆ ಯಾವ ಕಚೇರಿಯೂ ಉತ್ತರ ಕೊಡದು. ಯಾವ ತಾರೀಖಿನ ಯಾವ ಖರ್ಚು, ಎಷ್ಟು ರೂಪಾಯಿ, ನಮಗೆ ಏನು ಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಹತ್ತು ಮಂದಿ ಸಹಿ ಮಾಡಿ ಕೊಡೋಣ. ನಕಲಿನ ಮೇಲೆ ಕಚೇರಿಯ ಸಿಕ್ಕಾ ಹಾಕಿಸಿಕೊಳ್ಳೋಣ. ನೇಮಕದ ಆದೇಶ, ಸಂಭಾವನೆಯ ಆದೇಶ ಕೈಗೆ ಸಿಗದಿದ್ದರೆ ಸಹಕಾರ ಇಲಾಖೆಯ ಕಚೇರಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಕಟ್ಟಿ ಅರ್ಜಿ ಹಾಕೋಣ. 30 ದಿನದಲ್ಲಿ ಉತ್ತರ ಬರಬೇಕು. ಆದೇಶದಲ್ಲಿದ್ದ ಅಂಕಿ, ಲೆಕ್ಕದಲ್ಲಿದ್ದ ಅಂಕಿ ಎರಡನ್ನೂ ಹೊಂದಿಸಿ ನೋಡಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಈ ರೂಢಿ ಬರಬೇಕಾದರೆ ಇಂದೇ ಸುರುಮಾಡಬೇಕು. ಗಟ್ಟಿ ಇರುವ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಚಹಾ ಕುಡಿದು ಎದ್ದು ಹೋಗದೆ ಜಮಾ-ಖರ್ಚು ಓದಿ ಪ್ರಶ್ನೆ ಕೇಳೋಣ. ನಡೆಯುವ ಸಂಘದಲ್ಲಿ ಲೆಕ್ಕ ಕೇಳುವ ಸದಸ್ಯರಿದ್ದರೆ ಲಿಕ್ವಿಡೇಟರ್ ಬರುವ ಪ್ರಸಂಗವೇ ವಿರಳ.

ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಜೈ ಸಹಕಾರ.